ನುಗ್ಗೆ ಮರದ ಕಂಬಳಿಹುಳು ಪಕ್ಕದ ಮನೆಗೆ ಹರಿದರೆ ಏನು ಮಾಡಬೇಕು?

ಪ್ರಶ್ನೆ: ಮೈಸೂರಿನ ಗೃಹಿಣಿಯೊಬ್ಬರಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 30×40 ನಿವೇಶನದ ಮನೆ. ಹಿತ್ತಿಲಲ್ಲಿ ಉಳಿದಿರುವ ಸ್ವಲ್ಪ ಜಾಗದಲ್ಲಿ, ಕಾಂಪೌಂಡಿನಿಂದ ಮೂರು ಅಡಿ ಈಚೆಗೆ, 11 ವರ್ಷಗಳ ಹಿಂದೆ ನಮ್ಮ ಅತ್ತೆಯವರು ಊರಿನಿಂದ ಒಂದು ನುಗ್ಗೆ ಕೊಂಬೆ ತಂದು ನೆಟ್ಟಿದ್ದರು. ಅದೀಗ ಮಹಡಿಯನ್ನೂ ಮೀರಿ ಬೆಳೆದಿದೆ. ಸೊಪ್ಪು, ಹೂವು, ಕಾಯಿ ಎಲ್ಲವೂ ಅಡುಗೆಗೆ ಒದಗುತ್ತಿವೆ. ಪಕ್ಕದ ಮನೆಯವರಿಗೂ ಪ್ರತಿ ವರ್ಷ ಕಾಯಿ ಕೊಡುತ್ತಾ ಬಂದಿದ್ದೇವೆ.

ಈ ಸಲ ಮಳೆ ಹಿಡಿದ ಮೇಲೆ ಕಾಂಡದ ತುಂಬ ಕಂಬಳಿಹುಳು ಆವರಿಸಿಕೊಂಡಿದೆ. ಹಗಲು ಒಂದರ ಮೇಲೊಂದು ಬಿದ್ದು, ಕಾಂಡಕ್ಕೆ ಹಳೆಯ ಗೋಣಿತಟ್ಟು ಸುತ್ತಿದಂತೆ ಕಾಣುತ್ತವೆ. ಅವು ಕಾಂಪೌಂಡ್ ದಾಟಿ ಪಕ್ಕದ ಮನೆಯ ಬಟ್ಟೆ ಒಣಗಿಸುವ ತಂತಿಯವರೆಗೂ ಹೋಗಿವೆ. ಕಳೆದ ವಾರ ಅವರ ಎರಡು ವರ್ಷದ ಮೊಮ್ಮಗನ ಕುತ್ತಿಗೆ, ಬೆನ್ನಿನ ಮೇಲೆಲ್ಲ ದದ್ದು ಎದ್ದು, ಮಗು ರಾತ್ರಿಯಿಡೀ ಅತ್ತಿತಂತೆ. ಮರುದಿನ ಬೆಳಿಗ್ಗೆ ಆ ಮನೆಯ ಹಿರಿಯರು ಬಂದು, ಮರವನ್ನು ಬುಡಸಮೇತ ತೆಗೆಸದಿದ್ದರೆ ನಗರಪಾಲಿಕೆಗೆ ದೂರು ಕೊಡುವುದಾಗಿ ಹೇಳಿ ಹೋದರು. ಇದಕ್ಕೂ ಮೊದಲು ತಾರಸಿಯ ನೀರು ಹೋಗುವ ಕೊಳವೆಗೆ ಎಲೆ ತುಂಬಿಕೊಳ್ಳುತ್ತದೆ ಎಂದು ಎರಡು ಸಲ ಹೇಳಿದ್ದರು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅತ್ತೆಯವರು ಈಗಿಲ್ಲ, ಮರ ಕಡಿಸಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಮಗುವಿನ ಮೈ ನೋಡಿದ ಮೇಲೆ ಸುಮ್ಮನಿರಲೂ ಆಗುತ್ತಿಲ್ಲ. ಮರವನ್ನೂ ಉಳಿಸಿಕೊಂಡು ಅವರ ತೊಂದರೆಯನ್ನೂ ನೀಗಿಸುವ ದಾರಿ ಇದೆಯೇ?

ಉತ್ತರ: ದಾವಣಗೆರೆಯ ಹತ್ತಿರ ನುಗ್ಗೆ ಬೆಳೆಯುವ ರೈತ

ತಾಯಿ, ದಾರಿ ಖಂಡಿತ ಇದೆ. ಆದರೆ ಮೊದಲ ಕೆಲಸ ಇಂದೇ ಆಗಬೇಕು. ಈ ಹುಳುಗಳು ರಾತ್ರಿ ಮೇಲೇರಿ ಎಲೆ ತಿಂದು, ಹಗಲು ಕಾಂಡದ ಮೇಲೆ ಗುಂಪಾಗಿ ಕೂರುತ್ತವೆ. ಗುಂಪಾಗಿ ಕೂರುವುದೇ ನಮಗೆ ಅನುಕೂಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ಹಿಡಿಯ ಪೊರಕೆಯಿಂದ ಅವುಗಳನ್ನು ಸೋಪಿನ ನೀರು ತುಂಬಿದ ಬಕೆಟ್ಟಿಗೆ ಕೆಡವಿರಿ. ಹಳ್ಳಿಯ ಕಡೆ ಪಂಜು ಹಿಡಿದು ಸುಡುವ ರೂಢಿಯಿದೆ. ಮನೆ, ತಂತಿಗಳ ನಡುವೆ ಅದು ಬೇಡ, ಮರದ ತೊಗಟೆಯೂ ಬೇಯುತ್ತದೆ. ಸೊಪ್ಪು ಅಡುಗೆಗೆ ಹೋಗುವ ಮರವಾದ್ದರಿಂದ ಅಂಗಡಿಯವರು ಕೊಟ್ಟ ವಿಷವನ್ನು ಸಿಂಪಡಿಸಬೇಡಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಬೆರೆಸಿ ಹೊಡೆದರೆ ಎಳೆಯ ಹುಳುಗಳು ಹತೋಟಿಗೆ ಬರುತ್ತವೆ, ಬಲಿತವಕ್ಕೆ ಪೊರಕೆಯೇ ಗತಿ.

ಹುಳು ಹೋದರೂ ಅದು ಕಳಚಿದ ಪೊರೆಯಲ್ಲಿ ರೋಮ ಉಳಿದಿರುತ್ತದೆ, ಗಾಳಿಗೆ ಹಾರಿ ಒಣಹಾಕಿದ ಬಟ್ಟೆಗೆ ಅಂಟುತ್ತದೆ. ಆ ಮಗುವಿನ ಬೆನ್ನಿಗೆ ದದ್ದು ಬಂದಿದ್ದು ಅಂಗಿಯಿಂದಲೇ ಇರಬಹುದು. ಆದ್ದರಿಂದ ಅವರ ತಂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಲು, ಬಟ್ಟೆಗಳನ್ನು ಮತ್ತೊಮ್ಮೆ ಒಗೆಯಲು ಹೇಳಿರಿ. ಮೈಗೆ ತಾಗಿದರೆ ಉಜ್ಜಬಾರದು. ಅಂಟುಪಟ್ಟಿಯನ್ನು ಮೆಲ್ಲನೆ ಒತ್ತಿ ಕಿತ್ತರೆ ರೋಮ ಅದಕ್ಕೆ ಹತ್ತಿಕೊಂಡು ಬರುತ್ತದೆ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನು ಮರದ ವಿಚಾರ. ನುಗ್ಗೆಯನ್ನು ಮಹಡಿಯೆತ್ತರಕ್ಕೆ ಬಿಡುವುದೇ ತಪ್ಪು. ಅದರ ಕಟ್ಟಿಗೆ ಮೆದು, ಗಾಳಿಗೆ ಕೊಂಬೆ ಸಲೀಸಾಗಿ ಮುರಿಯುತ್ತದೆ. ಒಂದು ದಿನ ಅವರ ತಾರಸಿಯ ಮೇಲೆಯೇ ಬೀಳಬಹುದು. ನಾವು ಪ್ರತಿ ವರ್ಷ ಕಾಯಿ ಮುಗಿದ ಮೇಲೆ ನೆಲದಿಂದ ಮೂರು ಅಡಿ ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕಡಿದು, ಕಡಿದ ಬಾಯಿಗೆ ಸಗಣಿ ಮೆತ್ತುತ್ತೇವೆ. ಸತ್ತಿತೇನೋ ಎಂದು ಹೆದರಬೇಡಿ, ಸುತ್ತಲೂ ದಟ್ಟವಾಗಿ ಚಿಗುರೊಡೆಯುತ್ತದೆ. ಅದರಲ್ಲಿ ನಾಲ್ಕೈದು ಗಟ್ಟಿ ಚಿಗುರನ್ನು ಉಳಿಸಿಕೊಂಡರೆ ಕೈಗೆಟಕುವ ಎತ್ತರದಲ್ಲೇ ಸೊಪ್ಪು ಸಿಗುತ್ತದೆ, ಹುಳು ಬಂದರೂ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಹುಳು ಕೋಶಕಟ್ಟುವುದು ಮಣ್ಣಿನಲ್ಲಿ, ಹಾಗಾಗಿ ಬುಡದ ಮಣ್ಣನ್ನು ಬೇಸಿಗೆಯಲ್ಲಿ ಅಗೆದು ಬಿಸಿಲಿಗೆ ತೆರೆದಿಡಬೇಕು.

ಉತ್ತರ: ಬೆಂಗಳೂರಿನ ವಕೀಲರೊಬ್ಬರು

ಬುಡಸಮೇತ ಕಡಿಸುವ ಆಲೋಚನೆ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಿ. ಖಾಸಗಿ ಜಾಗದ ಮರಕ್ಕೂ ಅದು ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇರುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಬೀಳುವ ಸ್ಥಿತಿಯಲ್ಲಿರುವ ಅಪಾಯಕಾರಿ ಮರವನ್ನು ತೆಗೆಸಲು ಅಥವಾ ಆನಿಕೆ ಕೊಡಿಸಲು ಆದೇಶಿಸುವ ಅಧಿಕಾರ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಸೆಕ್ಷನ್ನಿನ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ. ಆದರೆ ಹುಳು, ತರಗೆಲೆಗಳ ವಿಚಾರವನ್ನು ಕಚೇರಿಗೆ ಒಯ್ದರೆ, ತೀರ್ಮಾನ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದು, ಎರಡು ಮನೆಗಳ ನಡುವೆ ಮಾತೂ ನಿಂತಿರುತ್ತದೆ.

ಉತ್ತರ: ಶಿವಮೊಗ್ಗದ ನಿವೃತ್ತ ಶಿಕ್ಷಕಿ

ನಾನು ದೂರು ಹೇಳಿದ ಕಡೆಯವಳು, ಆದ್ದರಿಂದ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹಲಸಿನ ಎಲೆ ನಮ್ಮ ತಾರಸಿಯ ಕೊಳವೆ ಕಟ್ಟಿ, ಒಂದು ಆಷಾಢದಲ್ಲಿ ದೇವರ ಮನೆಯ ಗೋಡೆಯೆಲ್ಲ ನೆನೆದು ಸುಣ್ಣ ಉದುರಿತು. ಮೂರು ಸಲ ಹೇಳಿದೆ, ಪ್ರತಿ ಸಲವೂ ನಕ್ಕು ಹಣ್ಣು ಕೊಟ್ಟು ಕಳುಹಿಸಿದರು. ಹಣ್ಣು ಕೊಟ್ಟರೆ ನೆನೆದ ಗೋಡೆ ಒಣಗುವುದಿಲ್ಲವಲ್ಲ. ನನಗೆ ಮರದ ಮೇಲೆ ಸಿಟ್ಟಿರಲಿಲ್ಲ, ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲವೆಂಬ ನೋವಿತ್ತು. ನಿಮ್ಮ ಪಕ್ಕದ ಮನೆಯ ಹಿರಿಯರು ಎಲೆಯ ವಿಷಯವನ್ನು ಎರಡು ಸಲ ಹೇಳಿದ್ದರೆಂದು ನೀವೇ ಬರೆದಿದ್ದೀರಿ. ಕಾಯಿ ತೆಗೆದುಕೊಂಡು ಹೋಗಬೇಡಿ, ಬರಿಗೈಯಲ್ಲಿ ಹೋಗಿ ಮೊದಲು ಮಗುವನ್ನು ವಿಚಾರಿಸಿ. ಯಾವ ದಿನ, ಯಾರಿಂದ, ಎಷ್ಟು ಎತ್ತರಕ್ಕೆ ಕಡಿಸುತ್ತೀರೆಂದು ತಿಳಿಸಿ. ಕೊಳವೆಯ ಬಾಯಿಗೆ ಜಾಲರಿ ಹಾಕಿಸುವ ಖರ್ಚನ್ನೂ ನೀವೇ ಕೊಡಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞಳಾಗಿದ್ದೇನೆ. ಶಿಕ್ಷಕಿಯವರ ಮಾತು ಓದಿ ಆ ಸಂಜೆಯೇ ಹೋಗಿದ್ದೆ. ಮಗುವಿನ ದದ್ದು ಇಳಿದಿದೆ. ಹಿರಿಯರು ಹೆಚ್ಚು ಮಾತನಾಡಲಿಲ್ಲ, ಆದರೆ ಅವರ ಸೊಸೆ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ ಕೊಳವೆಯ ಬಾಯಿ ತೋರಿಸಿದರು. ಕೊಳೆತ ನುಗ್ಗೆ ಎಲೆ ನಾಲ್ಕು ಬೆರಳು ದಪ್ಪಕ್ಕೆ ಕುಳಿತಿತ್ತು. ನಾವಿಬ್ಬರೂ ಸೇರಿ ಅದನ್ನು ತೆಗೆದೆವು, ಜಾಲರಿಗೆ ಅಳತೆಯನ್ನೂ ತೆಗೆದುಕೊಂಡೆ. ಹುಳುವಿನ ಕೆಲಸ ಎರಡು ಬೆಳಿಗ್ಗೆಯಲ್ಲಿ ಮುಗಿಯಿತು. ಭಾನುವಾರ ಮರ ಕಡಿಯುವವರು ಬರುತ್ತಾರೆ. ಮೂರು ಅಡಿಗೆ ಇಳಿಸಲು ನನ್ನಿಂದ ಇನ್ನೂ ಆಗುತ್ತಿಲ್ಲ, ಕಾಂಪೌಂಡಿನ ಎತ್ತರವಾದ ಐದು ಅಡಿಗೆ ಕಡಿಸಿದರೆ ಸಾಕಾಗುವುದೇ ಎಂದು ರೈತರು ದಯವಿಟ್ಟು ತಿಳಿಸಬೇಕು.

ಉತ್ತರ: ದಾವಣಗೆರೆಯ ಹತ್ತಿರ ನುಗ್ಗೆ ಬೆಳೆಯುವ ರೈತ

ಈ ವರ್ಷಕ್ಕೆ ಐದು ಅಡಿ ಸಾಕು, ತಾಯಿ. ಆದರೆ ಗೋಡೆಯ ಕಡೆಗೆ ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿ ಸಾರಿಗೆ ಹಾಕಿಬಿಡಿ. ಕಡಿದ ಕೊಂಬೆಗಳಲ್ಲಿ ತೋಳಿನಷ್ಟು ದಪ್ಪದ ಒಂದನ್ನು ಎತ್ತಿಡಿ. ಊರಿನಲ್ಲಿ ಜಾಗವಿದ್ದರೆ ಅತ್ತೆಯವರ ಮರ ಅಲ್ಲಿಯೂ ಬೇರು ಬಿಡುತ್ತದೆ.