ಮರದ ಗೋಡೆ ಫೋನ್: 1892 ಅಂತ ಬರೆದಿದ್ದರೆ 1892ರದ್ದೇನಾ?

ಪ್ರಶ್ನೆ: ಸರ್, ಹರಾಜಿನಲ್ಲಿ ಒಂದು ಮರದ ಗೋಡೆ ಫೋನ್ ತಗೊಂಡೆ. ಬಲಗಡೆ ತಿರುಗಿಸುವ ಹಿಡಿ, ಮೇಲೆ ಎರಡು ಗಂಟೆ, ಎಡಗಡೆ ಕೊಕ್ಕೆಯಲ್ಲಿ ರಿಸೀವರ್. ಟ್ರಾನ್ಸ್‌ಮಿಟರ್ (ಮಾತಾಡುವ ಭಾಗ) ಮೇಲೆ 1892ರ ಪೇಟೆಂಟ್ ತಾರೀಕು ಇದೆ. ಹಾಗಾದರೆ ಇದು ಅದೇ ವರ್ಷದ್ದು ಅಲ್ವಾ? ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಉತ್ತರ: ಎಲ್ಲರೂ ಮೊದಲು ಎಡವುವುದು ಇಲ್ಲೇ. ಅದು ಪೇಟೆಂಟ್ ಸಿಕ್ಕ ವರ್ಷ, ಫೋನ್ ತಯಾರಾದ ವರ್ಷ ಅಲ್ಲ. ಇಂಗಾಲದ ಹರಳು ತುಂಬಿದ ‘ಸಾಲಿಡ್ ಬ್ಯಾಕ್’ ಟ್ರಾನ್ಸ್‌ಮಿಟರ್‌ಗೆ ಆಂಥನಿ ವೈಟ್ 1892ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಎಷ್ಟೋ ವರ್ಷ ಅದೇ ಬಗೆಯದು ನಡೆಯಿತು. ಹಲವು ತಾರೀಕು ಇದ್ದರೆ ಕೊನೆಯದನ್ನು ನೋಡಿ. ಆ ಭಾಗ ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು.

ಕಂಪನಿ ಹೆಸರೂ ಸುಳಿವು ಕೊಡುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಮೂಲ ಪೇಟೆಂಟ್‌ಗಳು 1893, 1894ರಲ್ಲಿ ಮುಗಿದವು. ಆಮೇಲೆ ಹೊಸ ಕಂಪನಿಗಳ ಸುಗ್ಗಿ. ಸ್ಟ್ರಾಂಬರ್ಗ್-ಕಾರ್ಲ್‌ಸನ್ ಶುರುವಾದದ್ದು 1894ರಲ್ಲಿ, ಕೆಲಾಗ್ 1897ರಲ್ಲಿ. ಒಂದರ ಕೆಳಗೊಂದು ಮೂರು ಪೆಟ್ಟಿಗೆ ಇದ್ದರೆ ಸಾಮಾನ್ಯವಾಗಿ ಹಳೆ ಕಾಲದ್ದು. ಒಂದೇ ಉದ್ದ ಪೆಟ್ಟಿಗೆಯಾದರೆ ಹೆಚ್ಚಾಗಿ 1900ರ ಈಚಿನದು.

ಇನ್ನು ಬಾಗಿಲು ತೆಗೆಯಿರಿ. ಹೊರಗಿನ ಹೊಳಪು ಯಾರು ಬೇಕಾದರೂ ಹಚ್ಚುತ್ತಾರೆ, ಒಳಗನ್ನು ಮಾತ್ರ ಸುಲಭಕ್ಕೆ ಹಳೆಯದು ಮಾಡಲು ಆಗುವುದಿಲ್ಲ. ಹಿಡಿಗೆ ಮ್ಯಾಗ್ನೆಟೋ, ಅಂದರೆ ತಿರುಗಿಸಿದಾಗ ಗಂಟೆ ಬಾರಿಸುವ ವಿದ್ಯುತ್ ಹುಟ್ಟಿಸುವ ಯಂತ್ರ, ಸೇರಿರಬೇಕು, ಅದರಲ್ಲಿ ಲಾಳದ ಆಕಾರದ ಅಯಸ್ಕಾಂತಗಳು ಸಾಲಾಗಿರುತ್ತವೆ. ಮೂರು, ನಾಲ್ಕು, ಐದು ಹೀಗೆ. ಒಂದೇ ತಂತಿಗೆ ಹತ್ತಾರು ಮನೆ ಇದ್ದ ಹಳ್ಳಿ ಲೈನಿಗೆ ಐದರದ್ದು ಬೇಕಾಗುತ್ತಿತ್ತು, ಎಲ್ಲರ ಗಂಟೆಯೂ ಬಾರಿಸಬೇಕಲ್ಲ! ಕೆಳಗೆ 1.5 ವೋಲ್ಟಿನ ಎರಡು ದಪ್ಪ ಸೆಲ್ ಇಡುವ ಜಾಗ ಇರಬೇಕು. ಅದರ ಬದಲು ಪ್ಲೈವುಡ್, ನಂಬರ್ ಒತ್ತುವ ಗುಂಡಿ ಅಥವಾ ರೇಡಿಯೋ ಕಂಡರೆ ಅದು ಅಲಂಕಾರದ ಸಾಮಾನು. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡು ಇದ್ದರೆ ರಿಪೇರಿ, ಎಲ್ಲವೂ ಅದೇ ಆದರೆ ಅನುಮಾನಪಡಿ.

ಪ್ರಶ್ನೆ: ತೆಗೆದೆ ಸರ್. ನಾಲ್ಕು ಅಯಸ್ಕಾಂತ ಇದೆ! ಆದರೆ ಟ್ರಾನ್ಸ್‌ಮಿಟರ್ ತೋಳಿನ ಸುತ್ತ ಬೇರೆ ತೂತುಗಳು, ಅಂಡಾಕಾರದ ಕಪ್ಪು ಗುರುತು. ಸ್ಯಾಂಡ್ ಪೇಪರ್ ಹಾಕಿ ಉಜ್ಜಲಾ?

ಉತ್ತರ: ಅಯ್ಯೋ, ಬೇಡ! ಆ ಗುರುತೇ ಫೋನಿನ ಜಾತಕ. ಮೊದಲು ಬೇರೆ ತೋಳು ಇತ್ತು ಅನ್ನುವುದನ್ನು ಅದು ಹೇಳುತ್ತಿದೆ. ಎರಡು ಮೂರು ಫೋನಿನ ಭಾಗ ಸೇರಿಸಿ ಒಂದು ಮಾಡುವುದು ಮಾಮೂಲು. ಕೆಲವು ಸಂಗ್ರಹಕಾರರು ಇದಕ್ಕೆ ಮೂಗು ಮುರಿಯುತ್ತಾರೆ. ನನಗಂತೂ ಬೇಸರವಿಲ್ಲ, ಮಾರುವವರು ಬಾಯಿಬಿಟ್ಟು ಹೇಳಿದರೆ ಸಾಕು.

ರಿಸೀವರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೊಳೆಯಲ್ಲ, ಬೆಳಕಿಗೆ ಗಟ್ಟಿ ರಬ್ಬರ್ ಹಾಗಾಗುತ್ತದೆ. ನೀರಲ್ಲಿ ತೊಳೆದರೆ ಇನ್ನೂ ಜಾಸ್ತಿ ಆಗುತ್ತದೆ. ಹಾಂ, ಒಳಗಿನ ತಂತಿ ಮುಟ್ಟಿಕೊಂಡು ಹಿಡಿ ತಿರುಗಿಸಬೇಡಿ. ಬ್ಯಾಟರಿ ಇಲ್ಲದಿದ್ದರೂ ಮ್ಯಾಗ್ನೆಟೋ ಜೋರಾಗಿ ಹೊಡೆಯುತ್ತದೆ, ನನಗೆ ಮೊಣಕೈವರೆಗೂ ಜುಂ ಅಂದಿತ್ತು. ಗಂಟೆಯ ಕಾಯಿಲ್ (ತಂತಿ ಸುರುಳಿ) ಮೇಲೆ 1000, 1600 ಅಥವಾ 2500 ಅಂತ ಇದೆಯಾ ನೋಡಿ, ಫೋಟೋ ಹಾಕಿ. ಅದು ಓಮ್ ಲೆಕ್ಕ, ಅಂದರೆ ತಂತಿ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಯಾವ ಬಗೆಯ ಲೈನಿಗೆ ಮಾಡಿದ್ದು ಅಂತ ಅಂದಾಜು ಮಾಡೋಣ.