ಕೇಕನ್ನು ಬೇಯಿಸೋದಾ, ಸುಡೋದಾ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೀತಿದ್ದೇನೆ. ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ.

ಹೋದ ವಾರ ಮನೆಯಲ್ಲಿ ಜಿಂಜರ್‌ಬ್ರೆಡ್ ಕೇಕ್ ಮಾಡಿದ್ದೆ. ಮೈದಾ, ಬೆಣ್ಣೆ, ಮೊಟ್ಟೆ, ಕರಗಿಸಿ ಸೋಸಿದ ಬೆಲ್ಲ, ಒಣ ಶುಂಠಿ ಪುಡಿ, ದಾಲ್ಚಿನ್ನಿ, ಲವಂಗ, ಸ್ವಲ್ಪ ಮೊಸರು, ಅಡುಗೆ ಸೋಡಾ. ಸಿರುಗುಪ್ಪದಿಂದ ಬಂದಿದ್ದ ದೊಡ್ಡಮ್ಮನಿಗೆ ರುಚಿ ಹಿಡಿಸಿತು. ಮಾಡೋ ರೀತಿ ಬರೆದು ಕಳಿಸು ಅಂದರು. ಅವರ ಮನೆಯಲ್ಲೂ ಪುಟ್ಟ ಓವನ್ ಇದೆ, ಮೊಮ್ಮಗ ತಂದುಕೊಟ್ಟದ್ದು. ವಾಟ್ಸಾಪಿನಲ್ಲಿ ಬರೆದೆ. ಕೊನೆಯ ಸಾಲು ಹೀಗಿತ್ತು: "180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ."

ಐದೇ ನಿಮಿಷಕ್ಕೆ ಫೋನ್ ಬಂತು. "ನೀರು ಎಷ್ಟು ಇಡ್ಬೇಕವ್ವಾ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬೇಯಿಸು ಅಂದ ಕೂಡಲೇ ನಮಗೆ ನೆನಪಾಗೋದು ನೀರು, ಇಲ್ಲಾ ಹಬೆ. ಬೇಳೆ, ಗೆಣಸು, ಇಡ್ಲಿ, ಕಡುಬು. ನೀರು ಬೇಡ, ಸುತ್ತಲೂ ಬರೀ ಒಣ ಕಾವು ಅಂತ ಹೇಳಿದೆ. "ಹಂಗಂದ್ರ ಸುಡೋದು ಅನ್ನು" ಅಂದರು, ಫೋನ್ ಇಟ್ಟರು.

ಅವತ್ತಿಂದ ಆ ಮಾತು ತಲೆ ಬಿಟ್ಟು ಹೋಗ್ತಿಲ್ಲ. ನಾವು ಬೇಕ್ ಮಾಡು ಅನ್ನೋ ಜಾಗದಲ್ಲಿ ದೊಡ್ಡಮ್ಮ ಸಹಜವಾಗಿ ಸುಡು ಅಂದರು. ಅದೇ ಸರಿ ಅಂತ ನನಗೂ ಅನಿಸ್ತಿದೆ. ರೊಟ್ಟಿ ಸುಡ್ತೀವಿ, ಹಪ್ಪಳ ಸುಡ್ತೀವಿ, ಬದನೆಕಾಯಿ ಸುಡ್ತೀವಿ. ಇಟ್ಟಿಗೆ, ಸುಣ್ಣ ಕೂಡ ಸುಡೋದೇ. ಕುಂಬಾರರ ಆವಿಗೆಯಲ್ಲಂತೂ ಮಡಕೆಗೆ ಸುತ್ತಲಿಂದ ಕಾವು ತಗಲುತ್ತೆ. ಓವನ್ ಮಾಡೋ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು.

ಆದರೆ "ಕೇಕ್ ಸುಟ್ಟೆ" ಅಂದರೆ ಹಾಳು ಮಾಡಿದೆ ಅಂತ ಕೇಳಿಸುತ್ತೆ ಅಲ್ವಾ? ಇದನ್ನು ಸ್ವಲ್ಪ ಹತ್ತಿರದಿಂದ ನೋಡಿದೆ. ಕೆಡಿಸೋದು "ಸುಡು" ಅಲ್ಲ, ಅದರ ಬೆನ್ನಿಗೆ ಬರೋ "ಹೋಗು". ಸುಟ್ಟ ಬದನೆಕಾಯಿಯಿಂದ ಗೊಜ್ಜು ಮಾಡ್ತೀವಿ, ಸುಟ್ಟುಹೋದ ಬದನೆಕಾಯಿಯನ್ನು ಎಸೀತೀವಿ. ಕೆಟ್ಟದ್ದಕ್ಕೆ ನಮ್ಮಲ್ಲಿ ಬೇರೆ ಮಾತುಗಳೂ ಬೇಕಾದಷ್ಟಿವೆ. ಅನ್ನ ತಳ ಹತ್ತುತ್ತೆ, ಹಾಲು ಸೀದುಹೋಗುತ್ತೆ, ರೊಟ್ಟಿ ಕರಕಲಾಗುತ್ತೆ. ಇಷ್ಟೆಲ್ಲ ಇರುವಾಗ ಸುಡು ಅನ್ನೋದಕ್ಕೆ ಯಾಕೆ ಹೆದರಬೇಕು?

ಹಾಗಂತ ಬೇಯು ಬೇಡ ಅಂತಿಲ್ಲ. ಕೇಕಿನ ನಡುವೆ ಕಡ್ಡಿ ಚುಚ್ಚಿ ತೆಗೀತೀವಲ್ಲ, ಹಸಿ ಹಿಟ್ಟು ಅಂಟಿಕೊಂಡು ಬಂದರೆ "ಇನ್ನೂ ಬೆಂದಿಲ್ಲ" ಅಂತಲೇ ಅನ್ನೋದು. ಜೋಳದ ರೊಟ್ಟಿಗೂ ಹಾಗೇ: "ಮ್ಯಾಲ ಸುಟ್ಟೈತಿ, ಒಳಗ ಬೆಂದಿಲ್ಲ." ಸುಡೋದು ನಮ್ಮ ಕೆಲಸ, ಬೇಯೋದು ಹಿಟ್ಟಿನ ಒಳಗೆ ಆಗೋದು. ಈ ಎರಡನ್ನೂ ಬೇರೆಬೇರೆಯಾಗಿ ಹೇಳೋಕೆ ಬರುವಾಗ ಬೇಕ್ ಅನ್ನೋ ಒಂದೇ ಮಾತಿನಲ್ಲಿ ಅವನ್ನು ಕಳಕೊಳ್ತಿದ್ದೀವಿ ಅನ್ನೋದು ನನ್ನ ಸಂಕಟ.

ಹೆಸರಿನ ವಿಚಾರವೂ ಒಂದಿದೆ. "ಕೇಕ್ ಅಂತೀಯ, ಬ್ರೆಡ್ ಅಂತ ಯಾಕ ಹೆಸರು?" ಅಂತ ದೊಡ್ಡಮ್ಮ ಮೊದಲೇ ಕೇಳಿದ್ದರು. ನಿಜ ಹೇಳಬೇಕಂದ್ರೆ ಆ ಹೆಸರಲ್ಲಿ ಮೊದಲು ಬ್ರೆಡ್ ಇರಲೇ ಇಲ್ಲ. ಹಳೆಯ ಫ್ರೆಂಚಿನಲ್ಲಿ ಜಿಂಜಂಬ್ರಾಸ್ ಅಂದರೆ ಕೆಡದಂತೆ ಕಾಪಿಟ್ಟ ಶುಂಠಿ. ಇಂಗ್ಲಿಷರ ಬಾಯಲ್ಲಿ ಅದರ ಬಾಲ ಬ್ರೆಡ್ ಆಯಿತು, ಆಮೇಲೆ ತಿಂಡಿಯ ಹೆಸರಾಯಿತು. ಇನ್ನು ಜಿಂಜರ್ ಅನ್ನೋದು ಸಂಸ್ಕೃತದ ಶೃಂಗವೇರ, ಗ್ರೀಕ್, ಲ್ಯಾಟಿನ್ ದಾಟಿ ಹೋದ ಮಾತು. ಅದರ ಮೂಲ ದ್ರಾವಿಡದ ಇಂಚಿ, ವೇರ್ ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಇಂಚಿ ಅಂದರೆ ಶುಂಠಿ, ವೇರ್ ಅಂದರೆ ನಮ್ಮ ಬೇರು. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕನ್ನಡದಲ್ಲಿ ನಾನು ಶುಂಠಿ ಕೇಕ್ ಅಂತಲೇ ಬರೆದೆ. ನಮ್ಮ ಕಡೆ ಹಸಿ ಶುಂಠಿಗೆ "ಅಲ್ಲ" ಅಂತಾರೆ, ತೆಲುಗಿನ ಅಲ್ಲಂ ಇದ್ದ ಹಾಗೆ. ಆದರೆ "ಅಲ್ಲದ ಕೇಕ್" ಅಂತ ಬರೆದರೆ ಓದುವವರಿಗೆ ಬೇರೆಯೇ ಅರ್ಥ ಬರುತ್ತೆ. ಅದೂ ಅಲ್ಲದೆ ಇದಕ್ಕೆ ಬೀಳೋದು ಒಣಗಿದ್ದು, ಹಾಗಾಗಿ ಶುಂಠಿಯೇ ಸರಿ. ಇಂಗ್ಲಿಷರು ಹಾಕೋ ಕಾಕಂಬಿಯನ್ನು ನಾನು ಬಿಟ್ಟೆ. ಕಾಕಂಬಿ ಅಂದರೆ ಇಲ್ಲಿನವರಿಗೆ ಸಕ್ಕರೆ ಕಾರ್ಖಾನೆ, ಸಾರಾಯಿ ಇವೇ ನೆನಪಾಗೋದು. ಬೆಲ್ಲ ಸಾಕು.

ಈಗ ನನ್ನ ಪ್ರಶ್ನೆ. ಕೌಲ್ ಬಜಾರಿನ ಒಂದು ಬೇಕರಿಯಲ್ಲಿ ಬನ್ ಕೇಳಿದಾಗ ಹುಡುಗ "ಇನ್ನೂ ಬಟ್ಟ್ಯಾಗ ಅದಾವ್ರೀ" ಅಂದ. ಬಟ್ಟಿ ಅನ್ನೋ ಹೆಸರು ಸಿಕ್ಕಿತು, ಕ್ರಿಯಾಪದ ಸಿಗಲಿಲ್ಲ. ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಬಟ್ಟಿ ಮುಂದೆ ದುಡಿಯೋರು ಬನ್ನನ್ನು ಏನು "ಮಾಡ್ತಾರೆ"? ಸುಡ್ತಾರಾ, ಬೇಯಿಸ್ತಾರಾ, ಇಲ್ಲಾ ಬೇರೆ ಮಾತೇನಾದರೂ ಇದೆಯಾ? ಕಿವಿಯಾರೆ ಕೇಳಿದವರು ಆ ವಾಕ್ಯವನ್ನು ಇದ್ದ ಹಾಗೇ ಬರೆದು ತಿಳಿಸಿ.