ಅಪ್‌ಡೇಟ್: ಆಯಿಲ್ ಕ್ಯಾಪ್ ಅಡಿಯಲ್ಲಿ ಕೆನೆಯಂಥ ಜಿಡ್ಡು, ಹೆಡ್ ಗ್ಯಾಸ್ಕೆಟ್ ಹೋಗಿರಲಿಲ್ಲ

ಮೂರು ವಾರದ ಹಿಂದೆ ಕೇಳಿದ್ದೆ. ಟೊರೊಂಟೊದಲ್ಲಿ ಚಳಿ ಮೈನಸ್ 15ಕ್ಕೆ ಇಳಿದಾಗ ಕಾರಿನ ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಒಳಗೆಲ್ಲ ಹಾಲಿನ ಕೆನೆಯಂಥ ಜಿಡ್ಡು. ಹೆಡ್ ಗ್ಯಾಸ್ಕೆಟ್ (ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಆಯಿಲ್ ಜೊತೆ ಸೇರದಂತೆ ತಡೆಯುವ ಸೀಲ್) ಹೋಯ್ತಾ ಅಂತ ಗಾಬರಿಯಾಗಿತ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿದೆ. ಆಯಿಲ್ ಕಂದು ಬಣ್ಣದಲ್ಲೇ ಇತ್ತು, ಬಿಳಿ ಸುಳಿವೇ ಇಲ್ಲ. ಕೂಲಂಟ್ ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟೆ. ದಿನಾ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ನೋಡಿದೆ. ಎರಡು ವಾರವಾದರೂ ಮಟ್ಟ ಅಲ್ಲೇ ಇತ್ತು. ಆದರೂ ಮನಸ್ಸು ಕೇಳಲಿಲ್ಲ. ಗ್ಯಾರೇಜಿನಲ್ಲಿ ಕೂಲಿಂಗ್ ಸಿಸ್ಟಮ್‌ಗೆ ಪ್ರೆಶರ್ ಟೆಸ್ಟ್ ಮಾಡಿಸಿದೆ. ಒತ್ತಡ ಒಂಚೂರೂ ಇಳಿಯಲಿಲ್ಲ, ಅಂದರೆ ಸೋರಿಕೆ ಕಾಣಲಿಲ್ಲ.

ಕಾರಣ ನನ್ನ ಓಡಾಟವೇ. ಮನೆಯಿಂದ ಆಫೀಸಿಗೆ ಬರೀ 3 ಕಿಲೋಮೀಟರ್. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೆ ಎಂಜಿನ್ ಪೂರ್ತಿ ಬಿಸಿಯಾಯ್ತು ಅಂತ ತಿಳಿದಿದ್ದೆ. ಆದರೆ ಅದು ತೋರಿಸುವುದು ಕೂಲಂಟಿನ ಬಿಸಿ, ಅಲ್ವಾ? ಆಯಿಲ್ ಕಾಯುವುದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಅಲ್ಲಿಂದ ಮೇಲೆ ಬಂದು ತಣ್ಣಗಿನ ಕ್ಯಾಪಿಗೆ ತಾಗಿ ನೀರಾಗುತ್ತದೆ, ಮೊಸರು ಕಡೆದಂತೆ ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಮಾತ್ರ ಆ ನೀರು ಆರಿಹೋಗುತ್ತದೆ.

ಸುಮ್ನೆ ಮನೆ ಮುಂದೆ ಸ್ಟಾರ್ಟ್ ಮಾಡಿಟ್ಟಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಕ್ಯಾಪ್ ಒರೆಸಿ, ಎರಡು ಶನಿವಾರ 401 ಹೆದ್ದಾರಿಯಲ್ಲಿ 45 ನಿಮಿಷ ಓಡಿಸಿದೆ. ಈಗ ಕ್ಯಾಪ್ ಹೆಚ್ಚುಕಡಿಮೆ ಸ್ವಚ್ಛವಾಗಿದೆ. ಕೂಲಂಟ್ ಗೆರೆಯನ್ನು ಮಾತ್ರ ವಾರಕ್ಕೊಮ್ಮೆ ನೋಡುತ್ತಲೇ ಇದ್ದೇನೆ.